ಎಂಟೆಳೆ ಬ್ರೇಡ್ ದಾರ, ಎರಡು ವರ್ಷದ ಬಳಕೆ: ಹೊಳೆಗೆ ಹೋದ ಲ್ಯೂರ್‌ಗಳ ಲೆಕ್ಕ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಮೊದಲ ವರ್ಷ 17 ಲ್ಯೂರ್, ಅಂದರೆ ಮೀನು ಹಿಡಿಯಲು ಎಸೆಯುವ ಗಾಳವಿರುವ ಪ್ಲಾಸ್ಟಿಕ್ ಮೀನು, ಹೊಳೆಗೆ ಹೋದವು. ಎರಡನೇ ವರ್ಷ 5. ಎರಡೂ ವರ್ಷ ರೀಲಿನಲ್ಲಿದ್ದದ್ದು ಅದೇ ದಾರ, ಕೈಯಲ್ಲಿದ್ದದ್ದು ಅದೇ ಏಳಡಿ ರಾಡ್, ಹೋಗಿದ್ದು ಅದೇ ಹೊಳೆಗೆ. ಒಂದು ಲ್ಯೂರಿಗೆ 300 ರೂಪಾಯಿ ಅಂತ ಹಿಡಿದುಕೊಳ್ಳಿ. ಆ ಮೊದಲ ವರ್ಷ ಸಂಜೆ ಮನೆಗೆ ಬಂದರೆ ನನ್ನ ಹೆಂಡತಿ ಮೀನಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ಇವತ್ತ ಹೊಳಿಗೆ ಎಷ್ಟ ದಕ್ಷಿಣಿ ಹಾಕಿ ಬಂದ್ರಿ?" ಅಂತ ಕೇಳುತ್ತಿದ್ದಳು.

ಊರು ಧಾರವಾಡ, ನೌಕರಿ ಹಾವೇರಿಯಲ್ಲಿ. ರಜೆ ಸಿಕ್ಕರೆ ತುಂಗಭದ್ರೆ. ಚೌಡದಾನಪುರದ ಕಡೆ, ಇಲ್ಲವೇ ವರದಾ ಬಂದು ಸೇರುವ ಗಳಗನಾಥದ ಕಡೆ. ಗುಡಿ ಮತ್ತು ಸ್ನಾನದ ಘಟ್ಟಗಳಿಂದ ದೂರ ಹೋಗಿ ನಿಲ್ಲುತ್ತೇನೆ. ನೀರಿನಡಿ ಬಂಡೆ, ಮುಳುಗಿದ ಜಾಲಿ ಗಿಡ, ಪಂಪ್‌ಸೆಟ್ಟಿನ ಹಳೆ ಪೈಪು, ಯಾರೋ ಬಿಟ್ಟುಹೋದ ಹರಕು ಬಲೆ. ಲ್ಯೂರ್ ನುಂಗಲು ಮೀನಿಗಿಂತ ಇವೇ ಜಾಸ್ತಿ ಕಾದಿರುತ್ತವೆ. ಗಾಳಕ್ಕೆ ಎರೆಹುಳ ಸಿಕ್ಕಿಸಿ ಕೂರುವವರಿಗೆ ಈ ಕಾಟ ಅಷ್ಟಿಲ್ಲ. ಪ್ಲಾಸ್ಟಿಕ್ ಮೀನನ್ನು ಎಸೆದು ಎಳೆಯುವ ನಮ್ಮಂಥವರಿಗೆ ಮಾತ್ರ ಪ್ರತಿ ಎಸೆತವೂ ಜೂಜು.

ಈಗ ದಾರ. ಬ್ರೇಡ್ ಅಂದರೆ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ದಾರ. ನನ್ನದು 150 ಮೀಟರ್, ಎಂಟೆಳೆ, ಕಡು ಹಸಿರು. ದಪ್ಪದ ನಂಬರು ಪಿಇ 2, ಅಂದರೆ ದಪ್ಪ ಹೆಚ್ಚುಕಡಿಮೆ 0.23 ಮಿಲಿಮೀಟರ್. ಡಬ್ಬಿಯ ಮೇಲೆ 30 ಪೌಂಡ್ ಅಂತ ಇದೆ, ನಮ್ಮ ಲೆಕ್ಕದಲ್ಲಿ ಹದಿಮೂರೂವರೆ ಕಿಲೋ. ಅಷ್ಟೇ ತಾಕತ್ತಿನ ನೈಲಾನ್ ದಾರ ಬೇಕೆಂದರೆ ಇದಕ್ಕಿಂತ ಸುಮಾರು ಎರಡು ಪಟ್ಟು ದಪ್ಪ ಇರುತ್ತದೆ. ತೆಳುವಾದ್ದರಿಂದ ದೂರ ಹೋಗುತ್ತದೆ. ಹಿಗ್ಗುವುದು ತೀರಾ ಕಮ್ಮಿ, ಹಾಗಾಗಿ ನಲವತ್ತು ಮೀಟರ್ ಆಚೆ ಲ್ಯೂರ್ ಒಂದು ಕಲ್ಲಿಗೆ ತಾಗಿದರೂ ಬೆರಳಿಗೆ ಗೊತ್ತಾಗುತ್ತದೆ. ಇದಕ್ಕೂ ಮೊದಲು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಒಂದು ನಾಲ್ಕೆಳೆ ದಾರ ತರಿಸಿದ್ದೆ. ಅದರ ಬಣ್ಣ ಮೊದಲ ದಿನವೇ ಬೆರಳಿಗೆ ಹತ್ತಿತು, ಎರಡನೇ ತಿಂಗಳಿಗೆ ಹತ್ತಿಯ ಹಾಗೆ ಎಳೆ ಬಿಟ್ಟಿತು. ಅದರ ಮಾತು ಸಾಕು.

ಹೊಸ ದಾರ ಸುತ್ತುವಾಗಲೇ ಒಂದು ತಪ್ಪು ಮಾಡಿದೆ. ಬ್ರೇಡ್ ನುಣುಪು. ಬರೀ ಸ್ಪೂಲಿನ ಮೇಲೆ ನೇರ ಸುತ್ತಿದರೆ ಇಡೀ ಸುತ್ತೇ ತಿರುಗುತ್ತದೆ. ದೊಡ್ಡ ಬಾಳೆ ಮೀನೊಂದು ಎಳೆದಾಗ ಡ್ರ್ಯಾಗ್ (ರೀಲಿನ ಬ್ರೇಕು) ಎಷ್ಟು ಬಿಗಿ ಮಾಡಿದರೂ ದಾರ ಹೋಗುತ್ತಲೇ ಇತ್ತು, ರೀಲ್ ಕೆಟ್ಟಿತು ಅಂದುಕೊಂಡೆ. ಆಮೇಲೆ ಕೆಳಗೆ ಹತ್ತು ಮೀಟರ್ ನೈಲಾನ್ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿದೆ. ರೀಲಿಗೆ ಏನೂ ಆಗಿರಲಿಲ್ಲ.

ಇನ್ನು ಆ 17 ಲ್ಯೂರ್‌ಗಳ ಕಥೆ. ಏಳೆಂಟು ಹೋದ ಮೇಲೆ ಬುದ್ಧಿ ಬಂತು. ಲ್ಯೂರ್ ಹೋದಾಗೆಲ್ಲ ವಾಪಸ್ ಬಂದ ದಾರದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ಡೈರಿಯಲ್ಲಿ ಬರೆದಿಡಲು ಶುರು ಮಾಡಿದೆ. ತುದಿ ಎಲ್ಲಾ ಹೇಳುತ್ತದೆ. ತರಿತರಿಯಾಗಿ, ಎಳೆ ಎಳೆಯಾಗಿ ಬಿಟ್ಟಿದ್ದರೆ ಬಂಡೆಗೆ ಉಜ್ಜಿದೆ. ಕತ್ತರಿಯಿಂದ ಕತ್ತರಿಸಿದ ಹಾಗಿದ್ದರೆ ಹಲ್ಲಿನ ಕೆಲಸ. ಹಂದಿ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿದ್ದರೆ ದಾರ ಕಡಿದೇ ಇಲ್ಲ, ಗಂಟು ಜಾರಿದೆ. ಬರೆದಿಟ್ಟ ಒಂಬತ್ತರಲ್ಲಿ ಆರು ಸುರುಳಿ ಬಾಲ! ಅಷ್ಟು ದಿನ ನಾನು ಬೈಯುತ್ತಿದ್ದದ್ದು ದಾರಕ್ಕೆ.

ನಾನು ಕಟ್ಟುತ್ತಿದ್ದದ್ದು ಚಿಕ್ಕಂದಿನಿಂದ ಬಂದ ಕ್ಲಿಂಚ್ ಗಂಟು. ಲ್ಯೂರಿನ ಮೂತಿಯ ಬಳೆಯಂಥ ಕಣ್ಣಿಯಲ್ಲಿ ತೂರಿಸಿ, ಐದು ಸುತ್ತು ಹೊಸೆದು, ತುದಿಯನ್ನು ಕಣ್ಣಿಯ ಹತ್ತಿರದ ಸಂದಿಯಲ್ಲಿ ಹಾಕಿ ಎಳೆಯುವುದು. ನೈಲಾನಿಗೆ ಅದು ಚೆನ್ನಾಗಿಯೇ ಇದೆ. ಬ್ರೇಡಿಗೆ ಮಾತ್ರ ಆಗಿಬರುವುದಿಲ್ಲ. ಮನೆಯ ಗೇಟಿಗೆ ಒಂದು ಕೊಕ್ಕೆ ಕಟ್ಟಿ, ಬ್ಯಾಗ್ ತೂಗುವ ಕೈತಕ್ಕಡಿ ಹಚ್ಚಿ ಎಳೆದು ನೋಡಿದೆ. ಕ್ಲಿಂಚ್ ಆರು ಕಿಲೋ ಮುಟ್ಟುವ ಮೊದಲೇ ಸುಮ್ನೆ ಜಾರಿ ಬಂತು, ಮೂರು ಸಲವೂ. ಪಾಲೋಮಾರ್ ಗಂಟು ಹತ್ತು ಕಿಲೋ ದಾಟಿತು. ಪಕ್ಕದ ಮನೆ ಅಜ್ಜ ಕಟ್ಟೆಯ ಮೇಲೆ ಕೂತು "ಗೇಟ್ ಕಿತ್ತೀತೋ ತಮ್ಮಾ" ಅಂದರು.

ಪಾಲೋಮಾರ್ ಕಷ್ಟವೇನಲ್ಲ. ದಾರವನ್ನು ಒಂದು ಗೇಣು ಜೋಡಿ ಮಡಚಿ, ಆ ಮಡಿಕೆಯನ್ನೇ ಕಣ್ಣಿಯಲ್ಲಿ ತೂರಿಸಬೇಕು. ಜೋಡಿ ದಾರದಿಂದ ಸಡಿಲವಾಗಿ ಒಂದು ಸಾದಾ ಗಂಟು. ಮುಂದೆ ಉಳಿದ ಕುಣಿಕೆಯೊಳಗಿಂದ ಇಡೀ ಲ್ಯೂರನ್ನು ದಾಟಿಸಿ, ಒದ್ದೆ ಮಾಡಿ, ಎರಡೂ ಕಡೆ ಸಮ ಎಳೆದರೆ ಆಯಿತು. ತೊಂದರೆ ಬರುವುದು ದಾಟಿಸುವಾಗ. ಎರಡು ಮೂರ್ಮುಳ್ಳು ಗಾಳ ಇರುವ ಲ್ಯೂರ್ ಕುಣಿಕೆಗೆ ಸಿಕ್ಕಿಕೊಂಡು, ನಸುಕಿನಲ್ಲಿ, ಬೆರಳಿಗೂ ಚುಚ್ಚಿಕೊಂಡು... ಅನುಭವಿಸಿದವರಿಗೆ ಗೊತ್ತು. ಕಪ್ಪೆ ಲ್ಯೂರಿಗೆ ಇದು ಹೇಳಿ ಮಾಡಿಸಿದ ಗಂಟು. ಮುರ್ರೆಲ್ ಮೀನು ಹಿಡಿಯಲು ಹೂಳು, ಜೊಂಡಿನ ನಡುವೆ ಎಸೆಯುವಾಗ ಬ್ರೇಡನ್ನು ನೇರ ಕಪ್ಪೆಗೇ ಹೀಗೆ ಕಟ್ಟುತ್ತೇನೆ.

ಹೊಳೆಯಲ್ಲಿ ಬೇರೆ ವ್ಯವಸ್ಥೆ. ಬ್ರೇಡ್ ಎಳೆತಕ್ಕೆ ಗಟ್ಟಿ, ಆದರೆ ಬಿಗಿಯಾಗಿದ್ದಾಗ ಕಲ್ಲಿನಂಚಿಗೆ ಒಮ್ಮೆ ಉಜ್ಜಿದರೆ ಮುಗಿಯಿತು. ಅದಕ್ಕೆ ಬ್ರೇಡಿನ ತುದಿಗೂ ಲ್ಯೂರಿಗೂ ನಡುವೆ ಎರಡಡಿ ಲೀಡರ್, ಅಂದರೆ ಫ್ಲೋರೋಕಾರ್ಬನ್ ಅನ್ನುವ ಬೇರೆ ದಾರದ ತುಂಡು, 20 ಪೌಂಡಿನದು. ಇದು ಉಜ್ಜಾಟ ತಡೆಯುತ್ತದೆ, ನೀರು ಹೀರುವುದಿಲ್ಲ, ನೀರಿನಲ್ಲಿ ಕಾಣುವುದೂ ಕಡಿಮೆ. ಮುಖ್ಯ ದಾರಕ್ಕಿಂತ ಕಮ್ಮಿ ತಾಕತ್ತಿನದನ್ನು ಬೇಕೆಂದೇ ಹಾಕುತ್ತೇನೆ. ಕಡಿಯಲೇಬೇಕಾದರೆ ಲೀಡರ್ ಕಡಿಯಲಿ. ಇಲ್ಲದಿದ್ದರೆ ಮೂವತ್ತು ಮೀಟರ್ ಬ್ರೇಡ್ ಹೊಳೆಯಲ್ಲೇ ಉಳಿದು ನೀರುಕಾಗೆಯ ಕಾಲಿಗೋ ರೆಕ್ಕೆಗೋ ಸುತ್ತಿಕೊಳ್ಳುತ್ತದೆ.

ಬ್ರೇಡ್, ಲೀಡರ್ ಎರಡನ್ನೂ ಸೇರಿಸಲು ಎಲ್ಲರೂ ಎಫ್‌ಜಿ ಅನ್ನುವ ಗಂಟೇ ಕಟ್ಟು ಅನ್ನುತ್ತಾರೆ. ತೆಳು, ರಾಡಿನ ಗೈಡ್ ರಿಂಗಿನಲ್ಲಿ ಸಲೀಸಾಗಿ ದಾಟುತ್ತದೆ, ನಿಜ. ಆದರೆ ಇಪ್ಪತ್ತು ಸುತ್ತು ಹಾಕುವವರೆಗೂ ದಾರ ಬಿಗಿಯಾಗಿಯೇ ಇರಬೇಕು. ಹೊಳೆದಂಡೆಯ ಗಾಳಿಯಲ್ಲಿ ನನ್ನ ಕೈಗೆ ಅದು ಕೂರಲಿಲ್ಲ. ಡಬಲ್ ಯೂನಿ ಅನ್ನುವ ಗಂಟು ಕಟ್ಟುತ್ತೇನೆ: ಲೀಡರ್ ಕಡೆ ನಾಲ್ಕು ಸುತ್ತು, ಬ್ರೇಡ್ ಕಡೆ ಎಂಟು. ಗಂಟು ಸ್ವಲ್ಪ ದಪ್ಪ, ಅದಕ್ಕೇ ಲೀಡರ್ ಎರಡಡಿ ಮಾತ್ರ. ಎಸೆಯುವಾಗ ಗಂಟು ರಾಡಿನ ತುದಿಯಿಂದ ಹೊರಗೇ ಇರುತ್ತದೆ. ಲೀಡರಿನ ಕೊನೆಗೆ ಯೂನಿ ಗಂಟಿನಿಂದ ಒಂದು ಸಣ್ಣ ಸ್ನ್ಯಾಪ್ (ತೆರೆದು ಮುಚ್ಚುವ ಕೊಕ್ಕೆ). ಲ್ಯೂರ್ ಬದಲಿಸಲು ಮತ್ತೆ ಮತ್ತೆ ಗಂಟು ಕಟ್ಟುವ ಗೋಜಿಲ್ಲ.

ಒದ್ದೆ ಮಾಡುವ ಮಾತು ಹೇಳಿದೆನಲ್ಲ, ಅದನ್ನು ಕಲಿಸಿದ್ದು ಹರಿಗೋಲಿನಲ್ಲಿ ಬಲೆ ಬಿಡುವ ಒಬ್ಬ ಕಾಕಾ. ನಾನು ಒಣ ಲೀಡರನ್ನು ಜೋರಾಗಿ ಎಳೆದು ಬಿಗಿಯುವುದನ್ನು ನೋಡಿ, "ತಮ್ಮಾ, ಒಣಾ ಗಂಟ ಬಿಗೀಬ್ಯಾಡ. ಸುಡತೈತಿ ಅದು. ಉಗುಳ ಹಚ್ಚು, ನಿಧಾನ ಜಗ್ಗು" ಅಂದರು. ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಒಣದಾಗಿ ಬಿಗಿದ ಗಂಟಿನ ಪಕ್ಕ ಲೀಡರ್ ಗುಂಗುರು ಕೂದಲಿನ ಹಾಗೆ ಸೊಟ್ಟಗಾಗಿ ಬೆಳ್ಳಗಾಗಿತ್ತು. ಅಂಥದ್ದು ಕಂಡರೆ ಕತ್ತರಿಸಿ ಮತ್ತೆ ಕಟ್ಟುತ್ತೇನೆ. ಪ್ರತಿ ಅರ್ಧ ತಾಸಿಗೊಮ್ಮೆ ಲೀಡರನ್ನು ಎರಡು ಬೆರಳ ನಡುವೆ ಎಳೆದು ನೋಡುವುದೂ ರೂಢಿಯಾಗಿದೆ. ಗರಗರ ಅಂದರೆ ಅರ್ಧ ಅಡಿ ಹೋಯಿತು ಅಂತಲೇ.

ಸಿಕ್ಕಿಕೊಂಡಾಗ ರಾಡನ್ನು ಬಿಲ್ಲಿನ ಹಾಗೆ ಬಗ್ಗಿಸಿ ಜಗ್ಗಬೇಡಿ, ಗಾಳ ಇನ್ನೂ ಒಳಗೆ ಹೋಗುತ್ತದೆ. ದಾರವನ್ನು ಸ್ವಲ್ಪ ಬಿಗಿ ಹಿಡಿದು, ಬೆರಳಿನಿಂದ ತಂಬೂರಿ ತಂತಿಯಂತೆ ಮೀಟಿ ಥಟ್ಟನೆ ಸಡಿಲ ಬಿಡಿ. ನಾಲ್ಕೈದು ಸಲ ಮಾಡಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಆಗದಿದ್ದರೆ ದಂಡೆಯಲ್ಲೇ ನಡೆದು ಆಚೆ ಬದಿಯಿಂದ ಎಳೆಯಿರಿ. ಕೊನೆಗೆ ಕಡಿಯಲೇಬೇಕಾದರೆ ದಾರವನ್ನು ಒಂದು ಕೋಲಿಗೆ ಸುತ್ತಿ ನೇರ ಎಳೆಯಿರಿ, ಕೈಗೆ ಸುತ್ತಬೇಡಿ. ನನ್ನ ಬಲಗೈ ತೋರುಬೆರಳಿನಲ್ಲಿ ಆ ಗುರುತು ಇನ್ನೂ ಇದೆ. ಲ್ಯೂರ್ ಸಿಡಿದು ಮುಖಕ್ಕೆ ಬರುವುದೂ ಉಂಟು, ಕಣ್ಣಿಗೆ ಕನ್ನಡಕ ಇರಲಿ.

ಎರಡು ವರ್ಷಕ್ಕೆ ದಾರದ ಸ್ಥಿತಿ: ಹಸಿರು ಹೋಗಿ ಬೂದಿ ಬಣ್ಣ ಬಂದಿದೆ, ತಾಕತ್ತು ಕಮ್ಮಿಯಾದದ್ದು ತಕ್ಕಡಿಯಲ್ಲಿ ಕಾಣಲಿಲ್ಲ. ಮುಂದಿನ ಮೂರ್ನಾಲ್ಕು ಮೀಟರ್ ನವಿರು ಎದ್ದಾಗೆಲ್ಲ ಕತ್ತರಿಸಿದ್ದೇನೆ. ಹೋದ ವರ್ಷ ಇಡೀ ದಾರ ಬಿಚ್ಚಿ ತಿರುವಿ ಸುತ್ತಿದೆ, ಒಳಗಿನ ಹೊಸ ಭಾಗ ಈಗ ಮುಂದೆ ಬಂದಿದೆ. ಸಡಿಲ ಸುತ್ತಿಕೊಂಡರೆ ಎಸೆಯುವಾಗ ಗುಂಜಾಗುವ ಚಟ ಮಾತ್ರ ಹೋಗಿಲ್ಲ. 900 ರೂಪಾಯಿಗೆ ಐದರಲ್ಲಿ ನಾಲ್ಕು ನಕ್ಷತ್ರ. ಹೊಸದಾಗಿ ಕಲಿಯುವ ಮಕ್ಕಳಿಗೆ ಇದು ಬೇಡ, ನೈಲಾನ್ ಕೊಡಿಸಿ. ಕೆರೆಗೆ ಹೋಗುವವರು ಅಲ್ಲಿನ ಮೀನಿನ ಗುತ್ತಿಗೆ ಯಾರದು ಅಂತ ಕೇಳಿಕೊಂಡೇ ಹೋಗಿ.

ಈ ಏಪ್ರಿಲ್‌ನಲ್ಲಿ ಹೊಳೆ ಇಳಿದಾಗ ಆ ಜಾಲಿ ಗಿಡಗಳು ಮೇಲೆ ಬಂದಿದ್ದವು. ಒಂದರಲ್ಲಿ ಏಳು ಲ್ಯೂರ್ ತೂಗಾಡುತ್ತಿದ್ದವು. ಎರಡು ನನ್ನವು. ಕೆಂಪು ತಲೆಯ ಒಂದನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು, ಗಾಳ ಪೂರ್ತಿ ತುಕ್ಕು. ಮೂತಿಯ ಕಣ್ಣಿ ನೋಡಿದೆ. ಒಂದೆಳೆ ದಾರವೂ ಇರಲಿಲ್ಲ, ಒರೆಸಿಟ್ಟ ಹಾಗೆ ಖಾಲಿ. ಹೊಸ ಗಾಳ ಹಾಕಿ ಅದನ್ನೇ ಮತ್ತೆ ಎಸೆಯುತ್ತಿದ್ದೇನೆ.