ಮಾರಲು ಹೊರಟ ಹಳೆ ಮನೆಯಲ್ಲಿ ಬೆಡ್‌ರೂಮಿನ ಗೋಡೆ ಒಡೆಸುವ ಮುಂಚೆ

ಎರಡು ಚಿಕ್ಕ ಬೆಡ್‌ರೂಮು ಸೇರಿಸಿ ಒಂದು ದೊಡ್ಡ ಮಾಸ್ಟರ್ ಬೆಡ್‌ರೂಮ್ ಮಾಡಿದರೆ ಮನೆಗೆ ಒಳ್ಳೆ ಬೆಲೆ ಬರುತ್ತದೆ ಎಂದು ಯಾರಾದರೂ ಹೇಳಿದರೆ, ದಯವಿಟ್ಟು ತಡೆಯಿರಿ. ಹಾಗೆ ಮಾಡಿ ಕೈಸುಟ್ಟುಕೊಂಡ ಒಂದು ಮನೆಯಲ್ಲಿ ಏನೇನಾಯಿತೆಂದು ನೋಡಿ.

ಎರಡಂತಸ್ತಿನ ಮನೆ, ಮೂರು ಬೆಡ್‌ರೂಮು. ಕೆಳಗಿನ ಎರಡು ಕೋಣೆ ತಲಾ 10ಕ್ಕೆ 9 ಅಡಿ, ನಡುವೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಒಂಬತ್ತಿಂಚಿನದಲ್ಲ, ಬರೀ ಪಾರ್ಟಿಷನ್ ಎಂದುಕೊಂಡು ಒಡೆಸಿದರು. ಆದರೆ ಮೇಲಂತಸ್ತಿನ ಗೋಡೆಯೊಂದು ಅದರ ನೇರಕ್ಕೇ ನಿಂತಿತ್ತು, ಕೆಳಗೆ ಬೀಮ್ ಇರಲಿಲ್ಲ. ಆಸರೆ ಹೋದದ್ದೇ ಸ್ಲ್ಯಾಬ್ ಜಗ್ಗಿತು. ಮೇಲಿನ ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿತು, ಬಾಗಿಲು ನೆಲಕ್ಕೆ ಉಜ್ಜತೊಡಗಿತು. ಆಮೇಲೆ ಕಬ್ಬಿಣದ ಗರ್ಡರ್ ಕೊಟ್ಟರು. ಗರ್ಡರ್ ಮುಂದೆ ಜಗ್ಗದಂತೆ ತಡೆಯುತ್ತದೆ, ಆಗಲೇ ಬಿದ್ದ ಬಿರುಕನ್ನು ಮುಚ್ಚುವುದಿಲ್ಲ. ಕೊಳ್ಳಲು ಬಂದವರ ಕಣ್ಣು ಮೊದಲು ಹೋದದ್ದೂ ಆ ಬಿರುಕಿಗೇ.

ಗೋಡೆಯ ದಪ್ಪ ನೋಡಿ ತೀರ್ಮಾನ ಮಾಡಬೇಡಿ. ಒಂದೇ ಹೊರಗೋಡೆಯಿಂದ ಟೇಪ್ ಹಿಡಿದು ಕೆಳಗೂ ಮೇಲೂ ಅಳೆಯಿರಿ. ಎರಡು ಗೋಡೆ ಒಂದೇ ನೇರಕ್ಕೆ ಬಂದರೆ ಸುತ್ತಿಗೆ ಎತ್ತಲೇಬೇಡಿ. ಬರದಿದ್ದರೂ ಸ್ಲ್ಯಾಬ್ ಆ ಗೋಡೆಯ ಮೇಲೆ ಕೂತಿದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳಬೇಕು. ತೆಗೆಯಲೇಬೇಕೆಂದಾದರೆ ಮೊದಲು ಗೋಡೆಯ ಎರಡೂ ಬದಿಗೆ ಸ್ಲ್ಯಾಬನ್ನು ತಾತ್ಕಾಲಿಕವಾಗಿ ಎತ್ತಿಹಿಡಿಯುವ ಜಾಕಿ ಕೊಟ್ಟು, ಗರ್ಡರಿನ ಎರಡು ತುದಿಗೂ ಅದು ಕೂರಲು ಕಾಂಕ್ರೀಟ್ ದಿಮ್ಮಿ (ಬೆಡ್ ಬ್ಲಾಕ್) ಹಾಕಿ, ಗರ್ಡರ್‌ಗೂ ಸ್ಲ್ಯಾಬಿಗೂ ನಡುವಿನ ಸಂದನ್ನು ಒಣಗಿದಾಗ ಕುಗ್ಗದ ಸಿಮೆಂಟ್ ಗಾರೆಯಿಂದ (ಗ್ರೌಟ್) ಬಿಗಿಯಾಗಿ ತುಂಬಬೇಕು. ಗ್ರೌಟ್ ಗಟ್ಟಿಯಾಗುವ ತನಕ ಜಾಕಿ ಮುಟ್ಟಬಾರದು.

ಅಷ್ಟಕ್ಕೇ ನಿಲ್ಲಲಿಲ್ಲ. ಹೊಸ ಕೋಣೆಯ ಮೂಲೆಯಲ್ಲಿ ಅಟ್ಯಾಚ್ಡ್ ಬಾತ್‌ರೂಮ್ ಕಟ್ಟಿದರು. ಕೊಳಚೆ ಪೈಪು 12 ಅಡಿ ದೂರ. 40ಕ್ಕೆ 1ರ ಇಳಿಜಾರೆಂದರೆ ಅಷ್ಟು ದೂರಕ್ಕೆ ಮೂರೂವರೆ ಇಂಚಿಗಿಂತ ಜಾಸ್ತಿ ಬೇಕು. ಪೈಪಿನ ದಪ್ಪವೇ ನಾಲ್ಕು ಇಂಚು ಮೀರುತ್ತದೆ, ಅದರ ಮೇಲೆ ಗಾರೆ, ಟೈಲ್ಸ್. ಬಾತ್‌ರೂಮಿನ ನೆಲ 9 ಇಂಚು ಏರಿತು. ಬಾಗಿಲ ಮೇಲಿನ ಅಡ್ಡತೊಲೆ, ಅಂದರೆ ಲಿಂಟಲ್, 7 ಅಡಿಗೇ ಇದ್ದದ್ದರಿಂದ ಬಾಗಿಲಿಗೆ ಉಳಿದದ್ದು ಆರೂಕಾಲು ಅಡಿ. ಎತ್ತರದವರು ಹತ್ತುವಾಗಲೇ ತಲೆ ತಗ್ಗಿಸಬೇಕು. ಹಳೆ ಮನೆಯಲ್ಲಿ ಬಾತ್‌ರೂಮ್ ಸೇರಿಸುವುದಾದರೆ ಈಗಿರುವ ಬಾತ್‌ರೂಮಿನ ಗೋಡೆಗೆ ತಾಗಿಸಿಯೇ ಸೇರಿಸಿ. ಜಾಗ ಸಿಗದಿದ್ದರೆ ಆ ಯೋಚನೆಯನ್ನೇ ಬಿಡಿ.

ಗೋಡೆ ಹೋದ ಕಡೆ ನೆಲದಲ್ಲಿ ಉದ್ದಕ್ಕೂ ಒಂದು ಪಟ್ಟಿ ಉಳಿಯಿತು, ಹಳೆ ಮೊಸಾಯಿಕ್‌ಗೆ ಹೊಂದುವಂಥದ್ದು ಸಿಗಲಿಲ್ಲ. ಎರಡು ಕೋಣೆಯ ನೆಲದ ಮಟ್ಟವೂ ಅರ್ಧ ಇಂಚು ಹೆಚ್ಚುಕಮ್ಮಿ. ಕೊನೆಗೆ ಪೂರ್ತಿ ನೆಲ ಹೊಸದಾಗಿ ಹಾಸಬೇಕಾಯಿತು.

ಇಷ್ಟೆಲ್ಲ ಆದ ಮೇಲೆ ಮನೆ ಎರಡು ಬೆಡ್‌ರೂಮಿನದಾಯಿತು! ಮೂರು ಬೆಡ್‌ರೂಮ್ ಹುಡುಕುವವರು ನೋಡಲೂ ಬರಲಿಲ್ಲ. ಕೋಣೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಷ್ಟು ಕೋಣೆ ಅನ್ನುವುದನ್ನೇ ಜನ ಮೊದಲು ಕೇಳುತ್ತಾರೆ. ದೊಡ್ಡ ಕೋಣೆಯನ್ನು ಎರಡು ಮಾಡುವುದಾದರೂ ಕಿಟಕಿಯಿಲ್ಲದ ಕೋಣೆ, ಇನ್ನೊಂದು ಬೆಡ್‌ರೂಮ್ ಹಾದೇ ಹೋಗಬೇಕಾದ ಕೋಣೆ ಲೆಕ್ಕಕ್ಕೆ ಬಾರವು.

10ಕ್ಕೆ 9 ಅಡಿಯ ಕೋಣೆ ಬಳಸಲಾಗದಷ್ಟು ಚಿಕ್ಕದೇನಲ್ಲ. ಸೀಮೆಸುಣ್ಣದಿಂದ ನೆಲದ ಮೇಲೇ ಗೆರೆ ಹಾಕಿ ನೋಡಿ: ಮಂಚಕ್ಕೆ 5ಕ್ಕೆ ಆರೂವರೆ ಅಡಿ, ಬೀರುವಿಗೆ 2 ಅಡಿ ಆಳ, ಬಾಗಿಲು ತೆರೆಯುವ ಸುತ್ತು. ಮಂಚದ ತಲೆ 9 ಅಡಿಯ ಗೋಡೆಗಿರಲಿ, ಒಂದು ಪಕ್ಕ ಗೋಡೆಗೆ ತಾಗಲಿ, ಎದುರು ಪಕ್ಕದ ಗೋಡೆಗೆ ಬೀರು. ನಡುವೆ ಓಡಾಡಲು 2 ಅಡಿ ಉಳಿಯುತ್ತದೆ. ಬೀರುವಿಗೆ ಸರಿಯುವ ಬಾಗಿಲೇ ಬೇಕು, ತೆರೆಯುವ ಬಾಗಿಲು ಮಂಚಕ್ಕೆ ತಾಗುತ್ತದೆ. ಕೋಣೆಯ ಬಾಗಿಲು ಗೋಡೆಯ ನಡುವೆ ಇದ್ದು ಅಡ್ಡ ಬರುತ್ತಿದ್ದರೆ ಮೂಲೆಯ ಕಡೆಗೆ ಸರಿಸಬಹುದು. ಹೊಸ ಲಿಂಟಲ್ ಎರಡೂ ಕಡೆ ಕನಿಷ್ಠ 6 ಇಂಚು ಗೋಡೆಯ ಮೇಲೆ ಕೂರುವಷ್ಟು ಜಾಗ ಬಿಡಿ.