ಚೈನಾ ಟ್ಯಾಕಿ ರಬ್ಬರ್: ಒಂದೂವರೆ ವರ್ಷ ಚಾಪ್ ಎತ್ತಿದ ಮೇಲೆ

ಟೇಬಲ್ ಟೆನಿಸ್ ಬ್ಯಾಟಿನ ಫೋರ್‌ಹ್ಯಾಂಡ್ ಕಡೆಗೆ ಹಾಕಿದ್ದು, ರಬ್ಬರ್ ಕೆಳಗಿನ ಸ್ಪಾಂಜಿನ ಗಟ್ಟಿತನ 39 ಡಿಗ್ರಿ, ಮಿಕ್ಕ ನಂಬರೆಲ್ಲ ಪ್ಯಾಕೆಟ್ ಮೇಲೇ ಇರತ್ತೆ ಬಿಡಿ. ತಗೊಂಡಿದ್ದು ಒಂದೇ ಕಾರಣಕ್ಕೆ. ನಮ್ಮ ಬಡಾವಣೆ ಕ್ಲಬ್ಬಲ್ಲಿ ಒಬ್ರು ಅಂಕಲ್ ಇದಾರೆ, ಅರವತ್ತು ದಾಟಿದೆ, ಟೇಬಲ್ಲಿಂದ ಎಂಟಡಿ ಹಿಂದೆ ನಿಂತು ಬರೀ ಚಾಪ್ ಮಾಡ್ತಾರೆ, ಅಂದ್ರೆ ಬಾಲಿನ ಕೆಳಭಾಗನ ಬ್ಯಾಟಲ್ಲಿ ಕೊಯ್ದು ಅದು ಹಿಂದಕ್ಕೆ ತಿರುಗ್ತಾ (ಬ್ಯಾಕ್‌ಸ್ಪಿನ್) ಬರೋ ಹಾಗೆ ಮಾಡೋದು, ಬಾಲ್ ತೇಲ್ಕೊಂಡು ನಿಧಾನಕ್ಕೆ ಬರತ್ತೆ, ನೋಡಿದ್ರೆ ಸುಲಭ ಅನ್ಸತ್ತೆ, ಬ್ಯಾಟಿಗೆ ತಾಗಿದ್ರೆ ಸೀದಾ ನೆಟ್ಟಿಗೆ. ಎರಡು ವರ್ಷ ಅವರ ಎದುರು ಒಂದು ಮ್ಯಾಚೂ ಗೆದ್ದಿರ್ಲಿಲ್ಲ ನಾನು.

ಟ್ಯಾಕಿ ರಬ್ಬರ್ ಅಂದ್ರೆ ಮೇಲ್ಮೈ ಅಂಟಂಟು, ಬಾಲ್ ಒತ್ತಿ ಬ್ಯಾಟ್ ತಲೆಕೆಳಗು ಮಾಡಿದ್ರೆ ಒಂದು ಕ್ಷಣ ಅಂಟ್ಕೊಂಡೇ ಇರತ್ತೆ. ಇದರಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಸದ್ದು. ಬ್ಯಾಕ್‌ಸ್ಪಿನ್ ಬಾಲನ್ನ ಗಟ್ಟಿಯಾಗಿ ಹೊಡೆದ್ರೆ ಟಕ್ ಅನ್ನತ್ತೆ, ಆ ಟಕ್ ಬಂತು ಅಂದ್ರೆ ನೆಟ್ ಅಂತ್ಲೇ ಲೆಕ್ಕ. ಬ್ಯಾಟನ್ನ ಮಂಡಿ ಹತ್ರದಿಂದ ತಂದು, ಬಾಲ್ ಇಳಿಯೋಕೆ ಶುರುವಾದಾಗ ಹಿಂಭಾಗನ ತೆಳ್ಳಗೆ ಮೇಲಕ್ಕೆ ಸವರಿದ್ರೆ ಸದ್ದೇ ಬರಲ್ಲ, ರೇಷ್ಮೆ ಬಟ್ಟೆ ಮೇಲೆ ಬೆರಳು ಎಳೆದ ಹಾಗೆ ಸಣ್ಣದೊಂದು ಸರ್, ಬಾಲ್ ನೆಟ್ ಮೇಲೆ ಕಮಾನಿನ ಥರ ಹೋಗಿ ಬೀಳತ್ತೆ. ಮೊದಲ ವಾರ ಆ ಸದ್ದು ಕೇಳೋಕೇ ಕ್ಲಬ್ಬಿಗೆ ಹೋಗ್ತಿದ್ದೆ.

ಆಮೇಲೆ ಗೊತ್ತಾಯ್ತು ತೊಂದರೆ ಎಲ್ಲಿದೆ ಅಂತ. ಅಂಕಲ್ ಬ್ಯಾಟಿನ ಕಪ್ಪು ಕಡೆ ಲಾಂಗ್ ಪಿಂಪಲ್ಸ್, ಅಂದ್ರೆ ಮೇಲೆ ಉದ್ದುದ್ದ ಮೆತ್ತಗಿನ ಮುಳ್ಳಿರೋ ರಬ್ಬರ್. ಅದು ಬಾಲ್ ತಿರುಗೋದನ್ನ (ಸ್ಪಿನ್) ನಿಲ್ಲಿಸಲ್ಲ, ಬಗ್ಗಿ ಜಾರತ್ತೆ ಅಷ್ಟೆ, ಹಾಗಾಗಿ ನಾನು ಮೇಲಕ್ಕೆ ಸವರಿ ಕೊಟ್ಟ ಟಾಪ್‌ಸ್ಪಿನ್ನೇ (ಮುಂದಕ್ಕೆ ತಿರುಗೋದು) ನನ್ನ ಕಡೆ ಬ್ಯಾಕ್‌ಸ್ಪಿನ್ ಆಗಿ ವಾಪಸ್ ಬರತ್ತೆ. ಹೊಸ ರಬ್ಬರಲ್ಲಿ ನನ್ನ ಸ್ಪಿನ್ ಜಾಸ್ತಿ ಆಯ್ತು, ಅದಕ್ಕೆ ತಕ್ಕಂಗೆ ಅವರ ಚಾಪೂ ಭಾರ ಆಯ್ತು. ಮೊದಲನೇದು ಎತ್ತಿದೆ, ಎರಡನೇದು ಎತ್ತಿದೆ, ಮೂರನೇದು ಕಲ್ಲು. ನಿಜಕ್ಕೂ ಬೇಜಾರಾಗಿ ಒಂದು ತಿಂಗಳು ಹಳೇ ರಬ್ಬರಿಗೇ ವಾಪಸ್ ಹೋದೆ.

ಕೊನೆಗೆ ದಾರಿ ಹೇಳಿದ್ದೂ ಅಂಕಲ್ಲೇ. ಅವರಿಗೆ 2003ರ ಪ್ಯಾರಿಸ್ ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್ ಅಂದ್ರೆ ಪ್ರಾಣ, ಕೊರಿಯಾದ ಚಾಪರ್ ಜೂ ಸೆ-ಹ್ಯೂಕ್ ಅಲ್ಲಿವರೆಗೂ ಬಂದು ಆಸ್ಟ್ರಿಯಾದ ಶ್ಲಾಗರ್ ಎದುರು ಸೋತ ಮ್ಯಾಚು. "ಎಲ್ಲಾನೂ ಎಳೀಬೇಡಪ್ಪಾ, ಒಂದು ಎಳಿ, ಒಂದು ಸುಮ್ನೆ ಪಿಂಪಲ್ಸಿಗೆ ಪುಶ್ ಮಾಡು" ಅಂದ್ರು. ಎಳೆಯೋದು ಅಂದ್ರೆ ಆ ಮೇಲಕ್ಕೆ ಸವರೋ ಹೊಡೆತ, ಪುಶ್ ಅಂದ್ರೆ ಬಾಲನ್ನ ಮೆಲ್ಲಗೆ ಮುಂದಕ್ಕೆ ತಳ್ಳೋದು. ಮಾಡಿ ನೋಡಿದೆ. ಪುಶ್ ಮಾಡಿದ್ರೆ ಅವರಿಂದ ಸ್ಪಿನ್ ಇಲ್ಲದ ಬಾಲ್ ಸ್ವಲ್ಪ ಎತ್ತರಕ್ಕೇ ಬರತ್ತೆ, ಅದನ್ನ ಹೊಡೀಬಹುದು.

ರಬ್ಬರಿನ ನಿಜವಾದ ದೋಷ ಧೂಳು. ಅಂಟು ಇರೋದ್ರಿಂದ ಆಡೋ ಜಾಗದ ಧೂಳೆಲ್ಲ ಹಿಡ್ಕೊಳತ್ತೆ. ದಿನಾ ಆಟ ಮುಗಿದ ಮೇಲೆ ಒದ್ದೆ ಸ್ಪಾಂಜಲ್ಲಿ ಹಿಡಿ ಕಡೆಯಿಂದ ಮೇಲಕ್ಕೆ ಒರೆಸಿ, ಫ್ಯಾನ್ ಕೆಳಗೆ ಎರಡು ನಿಮಿಷ ಇಟ್ಟು, ಪ್ಲಾಸ್ಟಿಕ್ ಹಾಳೆನ ಕೆಳಗಿಂದ ಅಂಗೈಯಲ್ಲಿ ಒತ್ತುತ್ತಾ ಒಂದು ಗುಳ್ಳೆನೂ ಉಳಿಯದ ಹಾಗೆ ಅಂಟಿಸ್ತೀನಿ. ಮನೆಗೆ ಹೋಗೋ ಮುಂಚೆ ಆ ಐದು ನಿಮಿಷ ನನಗೆ ತುಂಬಾ ಹಿತ. ಇಷ್ಟು ಮಾಡಿದ್ರೂ ವಾರಕ್ಕೆ ಮೂರು ದಿನದ ಆಟಕ್ಕೆ ಎಂಟು ತಿಂಗಳಲ್ಲಿ ಅಂಟು ಹೋಯ್ತು, ಈಗ ಎರಡನೇ ಶೀಟು. ತೂಕನೂ ಇದೆ, ಅಡುಗೆಮನೆ ತಕ್ಕಡೀಲಿ ಬ್ಯಾಟ್ 178 ಗ್ರಾಂ ಇದ್ದಿದ್ದು 187 ಆಯ್ತು, ಐದು ಗೇಮ್ ಆಡಿದ್ರೆ ಮಣಿಕಟ್ಟಿಗೆ ಗೊತ್ತಾಗತ್ತೆ.

ನನ್ನ ಬಜೆಟ್ಟಿಗೆ ಎರಡು ಸಾವಿರದ ಒಳಗೆ ಸಿಗೋದು ಸರಿ ಹೋಗತ್ತೆ. ಬರೀ ಸ್ಮ್ಯಾಶ್ ಆಡೋರಿಗೆ ಬೇಡ, ಬಾಲ್ ತಾನಾಗೇ ಹಾರಲ್ಲ, ಕೈಯಿಂದನೇ ಆಗ್ಬೇಕು. ನಿಮ್ಮ ಕ್ಲಬ್ಬಲ್ಲೂ ಒಬ್ರು ಚಾಪರ್ ಇದ್ರೆ ತಗೊಳ್ಳಿ. ಕಳೆದ ತಿಂಗಳು ಮೊದಲ ಸಲ ಅಂಕಲ್ ಎದುರು 3-2 ಗೆದ್ದೆ, ಕೊನೇ ಪಾಯಿಂಟು ಪುಶ್ಶಲ್ಲೇ ಬಂತು.