ಎಂ-ಚಾಟ್-ಆರ್/ಎಫ್: 20 ಪ್ರಶ್ನೆಗಳ ಆಟಿಸಂ ತಪಾಸಣೆ ಎಷ್ಟು ಉಪಯುಕ್ತ?

16ರಿಂದ 30 ತಿಂಗಳ ಮಕ್ಕಳಿಗಾಗಿ ಇರುವ ಈ ಪ್ರಶ್ನಾವಳಿ ಉಚಿತ. ಅಪ್ಪ-ಅಮ್ಮ ಹೌದು, ಇಲ್ಲ ಎಂದಷ್ಟೇ ಉತ್ತರಿಸಬೇಕು. ಕೋಣೆಯ ಆ ಬದಿಯ ವಸ್ತುವನ್ನು ನೀವು ಬೆರಳಿಂದ ತೋರಿಸಿದರೆ ಮಗು ಅತ್ತ ನೋಡುತ್ತದೆಯೇ ಎಂಬಂಥ ಸರಳ ಪ್ರಶ್ನೆಗಳಿವೆ. 2, 5 ಮತ್ತು 12ನೇ ಪ್ರಶ್ನೆಗೆ 'ಹೌದು' ಎಂದರೆ ಒಂದು ಅಂಕ, ಉಳಿದವಕ್ಕೆ 'ಇಲ್ಲ' ಎಂದರೆ. ಇದನ್ನು ಗಮನಿಸದಿದ್ದರೆ ಲೆಕ್ಕವೇ ತಪ್ಪುತ್ತದೆ.

ಅಂಕ 8 ದಾಟಿದರೆ, ಅಥವಾ ಸರಿಯಾಗಿ 8 ಬಂದರೂ, ನೇರವಾಗಿ ತಜ್ಞರ ಬಳಿ ಹೋಗಬೇಕು. 3ರಿಂದ 7 ಬಂದರೆ ಎರಡನೇ ಹಂತ ಕಡ್ಡಾಯ: ಅಂಕ ಬಿದ್ದ ಪ್ರಶ್ನೆಗಳನ್ನಷ್ಟೇ ಉದಾಹರಣೆ ಕೊಟ್ಟು ಮತ್ತೆ ಕೇಳುತ್ತಾರೆ, ಆಗಲೂ 2 ಅಥವಾ ಹೆಚ್ಚು ಉಳಿದರೆ ಮುಂದಿನ ಪರೀಕ್ಷೆ. ಈ ಹಂತವನ್ನು ಬಿಟ್ಟರೆ ಎಷ್ಟೋ ಮನೆಗಳಿಗೆ ವಿನಾಕಾರಣ ಆತಂಕ. ಹಾಗೆ ಬಿಡುವುದು ಅಕ್ಷಮ್ಯ.

ದೇಶದಿಂದ ದೇಶಕ್ಕೆ ಆಟಿಸಂ ಪ್ರಮಾಣ ಬೇರೆಯಾಗಲು ಇಂಥ ತಪಾಸಣೆಯೂ ಒಂದು ಕಾರಣ. ಅಮೆರಿಕದ ಮಕ್ಕಳ ತಜ್ಞರ ಸಂಘ 18 ಮತ್ತು 24 ತಿಂಗಳಲ್ಲಿ ಎಲ್ಲ ಮಕ್ಕಳ ತಪಾಸಣೆಗೆ ಹೇಳುತ್ತದೆ; ಬ್ರಿಟನ್ನಿನಲ್ಲಿ ಹಾಗಿಲ್ಲ. ಅಮೆರಿಕದೊಳಗೇ 2022ರ ಎಣಿಕೆಯಲ್ಲಿ 8 ವರ್ಷದ ಮಕ್ಕಳ ಪೈಕಿ ಕ್ಯಾಲಿಫೋರ್ನಿಯಾದ ಎಣಿಕೆ ಕೇಂದ್ರದಲ್ಲಿ 19ಕ್ಕೆ ಒಬ್ಬರು, ಟೆಕ್ಸಾಸ್‌ನ ಲರೇಡೊದಲ್ಲಿ 103ಕ್ಕೆ ಒಬ್ಬರು! ದಕ್ಷಿಣ ಕೊರಿಯಾದ ಗೊಯಾಂಗ್‌ನಲ್ಲಿ ಶಾಲೆ ಶಾಲೆಗೂ ಹೋಗಿ ಹುಡುಕಿದಾಗ 2.64% ಸಿಕ್ಕಿತು; ಅವರಲ್ಲಿ ಮೂರನೇ ಎರಡರಷ್ಟು ಮಕ್ಕಳಿಗೆ ಅಲ್ಲಿಯವರೆಗೆ ರೋಗನಿರ್ಣಯವೇ ಆಗಿರಲಿಲ್ಲ.

ಮೊದಲ ಜರಡಿಯಾಗಿ ಇದನ್ನು ಧಾರಾಳವಾಗಿ ಬಳಸಿ. ಆದರೆ ಇದು ರೋಗನಿರ್ಣಯವಲ್ಲ. ನಮ್ಮಲ್ಲಿ ಅಂಗವಿಕಲತೆ ಪ್ರಮಾಣಪತ್ರಕ್ಕೆ ಆಟಿಸಂನ ತೀವ್ರತೆ ಅಳೆಯುವ, 40 ಅಂಶಗಳ ಭಾರತೀಯ ಮಾಪಕ ಐಎಸ್‌ಎಎಯ ಅಳತೆಯೇ ಬೇಕು.